ಮೂರನೆಯ ಹಾಡಿನ ನಡುವೆ

ಕೂಡಿಗೆ
೬ ಆಗಸ್ಟ್ ೨೦೨೫

ರಂಜಿತಾ,

ಎರಡು ವರ್ಷದಿಂದ ನೀನು ನನ್ನ ಹತ್ತಿರ ಮಾತಾಡಿಲ್ಲ, ನಾನೂ ಆಡಿಲ್ಲ. ಈಗಲೂ ರಾಜಿಯಾಗೋಣ ಅಂತ ಬರೆಯುತ್ತಿಲ್ಲ, ಕೆಲಸವಿದೆ ಅಂತ ಬರೆಯುತ್ತಿದ್ದೇನೆ. ಫೋನ್ ಮಾಡಿ ಎಂದಳು ನಿಮ್ಮಮ್ಮ. ಈ ಫೋನುಗಳೆಲ್ಲ ಕೆಟ್ಟುಹೋಗಿವೆ. ಯಾರು ಮಾತಾಡಿದರೂ ಬಾಯಲ್ಲಿ ಅವಲಕ್ಕಿ ತುಂಬಿಕೊಂಡವರ ಹಾಗೆ ಗೊಣಗೊಣ ಅನ್ನುತ್ತಾರೆ. ಕಾಗದವೇ ವಾಸಿ.

ವಿಷಯ ಏನೆಂದರೆ, ಮುಸುಕಿನ ಜೋಳ ಹಾಲುಗಟ್ಟಿದೆ, ಆನೆಗಳ ಕಾಟ ಶುರುವಾಗಿದೆ. ಸೋಲಾರ್ ಬೇಲಿಯ ಮೇಲೆ ಮರ ಕೆಡವಿ ದಾಟುವುದನ್ನು ಕಲಿತುಕೊಂಡಿವೆ. ಪಟಾಕಿ ಸಿಡಿಸಿದರೆ ನಿಂತು ನೋಡುತ್ತವೆ. ಪಕ್ಕದ ಹೊಲದ ಮೈಕ್‌ಸೆಟ್ ರಾಜು ತನ್ನ ಕೊಳವೆ ಸ್ಪೀಕರನ್ನು ತಂದು ನಮ್ಮ ಕಾವಲಿನ ಅಟ್ಟಣೆಗೆ ಕಟ್ಟಿ ಹುಲಿಯ ಗರ್ಜನೆ ಹಾಕಿದ. ಒಂದೆರಡು ದಿನ ಹೆದರಿದವು. ಆಮೇಲೆ ಈ ಹುಲಿ ಬರೀ ಬಾಯಿಮಾತಿನದು ಅಂತ ಅವಕ್ಕೂ ಗೊತ್ತಾಯಿತು. ಹಾಕುವುದಕ್ಕೆ ಬೇರೇನೂ ಇಲ್ಲದೆ ನಿನ್ನ ಪೆಟ್ಟಿಗೆಯಲ್ಲಿದ್ದ ಕೆಂಪು ಪೆನ್‌ಡ್ರೈವ್ ತೆಗೆದು ಚುಚ್ಚಿದೆವು.

ಅದೇನು ಹೇಸಿಗೆ ರಂಜಿತಾ ಅದು? ಹೊಟ್ಟೆ ಉಬ್ಬರಿಸಿದ ಎತ್ತಿನ ಗಂಟಲಿಗೆ ಬಿದಿರಿನ ಗೊಟ್ಟ ಇಟ್ಟು ಎಣ್ಣೆ ಹುಯ್ಯುವಾಗ ಬರುತ್ತದಲ್ಲ, ಆ ಸದ್ದು. ಅದರ ಮೇಲೆ ಗಿಟಾರು, ಅದರ ಮೇಲೆ ಡ್ರಮ್ಮು. ಮೊದಲ ಸಂಜೆ ನನಗೆ ಉಂಡ ಮುದ್ದೆ ಮೇಲಕ್ಕೆ ಬಂತು. ದುಡ್ಡು ಕೊಟ್ಟು ಇದನ್ನು ಕೇಳುವ ಜನ ಇದ್ದಾರೆ, ಅವರಲ್ಲಿ ನನ್ನ ಮಗಳೂ ಒಬ್ಬಳು ಅಂತ ನೆನೆದರೆ ಮೈ ಪರಚಿಕೊಳ್ಳುವ ಹಾಗಾಗುತ್ತದೆ. ಆದರೆ ಆನೆಗಳಿಗೂ ನನ್ನಷ್ಟೇ ಅಸಹ್ಯವಾಯಿತು. ಬಾಲ ಎತ್ತಿಕೊಂಡು ಕಾಡಿಗೆ ಓಡಿದವು. ಬೆಳಿಗ್ಗೆ ನೋಡಿದರೆ ಬೇಲಿಯ ಹೊರಗೆ ಲದ್ದಿ ಮಾತ್ರ ಇತ್ತು.

ಒಂದೇ ತೊಂದರೆ. ಮೂರನೆಯ ಹಾಡು ನಡುವೆ ನಿಂತೇ ಹೋಗುತ್ತದೆ. ಕರೆಂಟು ಹೋದ ಹಾಗೆ ನಾಲ್ಕು ನಿಮಿಷ ಏನೇನೂ ಇಲ್ಲ. ಆ ಹೊತ್ತಿಗೆ ಆನೆಗಳು ಮತ್ತೆ ಬೇಲಿಯ ತನಕ ಬಂದುಬಿಡುತ್ತವೆ. ಆಮೇಲೆ ಎತ್ತು ಮತ್ತೆ ಅರಚುತ್ತದೆ, ಮತ್ತೆ ಓಡುತ್ತವೆ. ಆ ಖಾಲಿ ಜಾಗ ಕತ್ತರಿಸಿ ಬರೀ ಅರಚಾಟ ಇರುವಂತೆ ಮಾಡಿ ಕಳಿಸು. ಕಂಪ್ಯೂಟರಿನಲ್ಲಿ ಅದೆಲ್ಲ ಆಗುತ್ತದಂತೆ, ರಾಜು ಹೇಳಿದ.

ಜೋಳ ಮುರಿಯುವ ತನಕ ನಾನು ಸಂಜೆಯಿಂದ ಅಟ್ಟಣೆಯ ಮೇಲೆ. ಉತ್ತರ ಬೇಗ ಬರಲಿ.

ಸಣ್ಣಸ್ವಾಮಿ
(ನಿನ್ನಪ್ಪ, ಮರೆತಿದ್ದರೆ)


ಅಮ್ಮತ್ತಿ
೧೪ ಆಗಸ್ಟ್ ೨೦೨೫

ಅಪ್ಪನಿಗೆ,

ನಿಮ್ಮ ಕಾಗದವನ್ನು ಕಾಫಿ ಎಸ್ಟೇಟ್ ಗೋದಾಮಿನಲ್ಲಿ ಗೊಬ್ಬರದ ಚೀಲಗಳ ಲೆಕ್ಕ ಬರೆಯುವ ನಡುವೆ ನಿಂತು ಓದಿದೆ. ನನ್ನ ಮುಖ ನೋಡಿ ನಮ್ಮ ಪೂವಯ್ಯ ಮೇಸ್ತ್ರಿ, "ಎಂತ ಆಯ್ತು ರೈಟರಮ್ಮ, ಊರಲ್ಲಿ ಯಾರಾದ್ರೂ ತೀರ್ಕೊಂಡ್ರಾ?" ಎಂದರು. ಇಲ್ಲ, ನಮ್ಮಪ್ಪ ಚೆನ್ನಾಗಿದ್ದಾರೆ ಎಂದೆ.

ನನ್ನ ಸಾಮಾನಿಗೆ ಕೈ ಹಾಕಿದ್ದು ಇದು ಎರಡನೇ ಸಲ. ಮೊದಲ ಸಲದ್ದು ನೆನಪಿದೆಯೇ? ಮಕ್ಕಳಿಗೆ ಟ್ಯೂಷನ್ ಹೇಳಿ ಕೂಡಿಟ್ಟು ತಂದ ಡ್ರಮ್‌ಸೆಟ್ಟಿನ ದೊಡ್ಡ ಹಿತ್ತಾಳೆ ಸಿಂಬಲ್ಲನ್ನು ಬಿಚ್ಚಿ ಅಟ್ಟಣೆಗೆ ನೇತುಹಾಕಿದಿರಿ. ಕುಡುಗೋಲಿನ ಹಿಡಿಯಿಂದ ಬಡಿದಿರಿ. ನಾನು ಬಂದು ನೋಡಿದಾಗ ಅದರ ಅಂಚು ಸೀಳಿತ್ತು, ಮೇಲೆ ಕೆಸರು, ಕಾಗೆ ಹಿಕ್ಕೆ. ಯಾಕೆ ಹೀಗೆ ಮಾಡಿದಿರಿ ಎಂದರೆ, "ತಗಡು ಬಡುದ್ರೆ ಸದ್ದೇ ಬರಾಕಿಲ್ಲ, ಇದ್ರಾಗೆ ಬತ್ತದೆ" ಎಂದಿರಿ. ಊರಿನವರೆಲ್ಲ ಅದೇ ತಗಡು ಬಡಿದು ಆನೆ ಓಡಿಸುತ್ತಿದ್ದರು. ನಿಮ್ಮ ತಗಡಿನಲ್ಲಿ ಮಾತ್ರ ಸದ್ದು ಬರುತ್ತಿರಲಿಲ್ಲ. ಆವತ್ತು ನಿಮ್ಮ ಮೇಲೆ ಬಂದ ಹೇಸಿಗೆ ಇವತ್ತಿಗೂ ಹೋಗಿಲ್ಲ. ಅದಕ್ಕೇ ಮನೆ ಬಿಟ್ಟೆ.

ಈಗ ಈ ಆಲ್ಬಮ್. ಅದು ಸ್ವೀಡನ್ನಿನ ಐದು ಜನ ಕೂಡಿ ಮಾಡಿದ್ದು. ಹೆಸರು ಹೇಳಿದರೆ ಅದಕ್ಕೂ ಮೂಗು ಮುರಿಯುತ್ತೀರಿ, ಬೇಡ. ನಿಮಗೆ ಎತ್ತಿನ ಅರಚಾಟ ಮಾತ್ರ ಕೇಳಿಸಿದೆ. ಅರಚುವ ಆ ಮನುಷ್ಯನೇ ಮುಂದಿನ ಸಾಲನ್ನು ತಿಳಿಯಾದ ಗಂಟಲಿನಲ್ಲಿ ಹಾಡುತ್ತಾನೆ, ಎರಡೂ ಒಬ್ಬನದೇ ಎಂದು ನಂಬುವುದು ಕಷ್ಟ. ಮೊದಲ ಹಾಡಿನಲ್ಲಿ ಗಿಟಾರಿನ ಒಂದು ಪುಟ್ಟ ಸಾಲು ಬರುತ್ತದೆ. ಅದೇ ಸಾಲು ಮುಂದೆ ವೇಷ ಬದಲಿಸಿಕೊಂಡು ಬೇಸ್ ಗಿಟಾರಿಗೆ ಇಳಿಯುತ್ತದೆ, ಅರ್ಧ ವೇಗದಲ್ಲಿ ನಡೆಯುತ್ತದೆ, ಕೊನೆಯಲ್ಲಿ ಐದೂ ಜನ ಅದನ್ನೇ ಎತ್ತಿಕೊಳ್ಳುತ್ತಾರೆ. ಡ್ರಮ್ಮರ್ ಏಳು ಏಟಿನ ಲೆಕ್ಕದಲ್ಲಿ ಬಾರಿಸುತ್ತಿದ್ದರೆ ಗಿಟಾರಿನವರು ನಾಲ್ಕರಲ್ಲಿ ಹೋಗುತ್ತಾರೆ. ಬೇರೆ ಬೇರೆ ದಾರಿ ಹಿಡಿದು ಒಂದೇ ಬಾಗಿಲಿಗೆ ಬಂದು ಸೇರುತ್ತಾರೆ. ನಾನೂ ಗಿರಿಯೂ ಚಿದಾನಂದನೂ ಕುಶಾಲನಗರದಲ್ಲಿ ಬ್ಯಾಂಡ್ ಕಟ್ಟಿದ್ದಾಗ ಅದೊಂದು ಜಾಗ ಕಲಿಯುವುದಕ್ಕೆ ಒಂದು ಬೇಸಿಗೆ ಪೂರ್ತಿ ಹಿಡಿಯಿತು.

ಮೂರನೆಯ ಹಾಡು ಎಲ್ಲೂ ನಿಲ್ಲುವುದಿಲ್ಲ. ಗಿಟಾರುಗಳು ಸುಮ್ಮನಾದ ಮೇಲೆ ಒಬ್ಬ ಹೆಂಗಸು ಮಾತಿಲ್ಲದೆ ಗುನುಗುತ್ತಾಳೆ. ಅವಳ ಜೊತೆಗೆ ಒಂದು ಕೊಳಲಿದೆ. ಡ್ರಮ್ಮಿನ ಮೇಲೆ ಕೋಲಿನ ಬದಲು ಬ್ರಷ್ ಎಳೆಯುತ್ತಾರೆ, ಒಣಹುಲ್ಲಿನಲ್ಲಿ ಯಾರೋ ನಡೆದು ಬಂದಂತೆ. ಆ ನಾಲ್ಕು ನಿಮಿಷ ಇರುವುದರಿಂದಲೇ ಆಮೇಲಿನ ಗರ್ಜನೆ ಮೈ ನಡುಗಿಸುವುದು. ಅದನ್ನು ಕತ್ತರಿಸು ಅನ್ನುತ್ತೀರಿ. ಕತ್ತರಿಸುವುದಿಲ್ಲ.

ಪೆನ್‌ಡ್ರೈವ್ ಅಮ್ಮನ ಕೈಗೆ ಕೊಡಿ.

ರಂಜಿತಾ


ಕೂಡಿಗೆ
೨೫ ಆಗಸ್ಟ್ ೨೦೨೫

ರಂಜಿತಾ,

ನಿನ್ನ ಉಪನ್ಯಾಸ ತಲುಪಿತು. ಕತ್ತರಿಸುವುದಿಲ್ಲ ಅಂದರೆ ಬೇಡ, ಸುಳ್ಳು ಯಾಕೆ ಹೇಳುತ್ತೀ? ಆ ಜಾಗದಲ್ಲಿ ಹೆಂಗಸೂ ಇಲ್ಲ, ಕೊಳಲೂ ಇಲ್ಲ. ನಿನ್ನ ಕಾಗದ ಬಂದ ಸಂಜೆ ಸ್ಪೀಕರಿನ ಬಾಯಿಗೆ ಕಿವಿ ಕೊಟ್ಟು ಕೂತೆ. ತಲೆಯೊಳಗೆ ಗುಂಯ್ ಅನ್ನುವುದು ಬಿಟ್ಟರೆ ಬೇರೇನಿಲ್ಲ. ಆಮೇಲೆ ಆ ದರಿದ್ರದವನು ಒಮ್ಮೆಲೇ ಅರಚಿದ, ಅಟ್ಟಣೆಯಿಂದ ಬೀಳುವುದೊಂದು ಬಾಕಿ. ನಿನಗೆ ಮಾರಿದವರು ನಾಲ್ಕು ನಿಮಿಷ ಖಾಲಿ ಬಿಟ್ಟು ಮೋಸ ಮಾಡಿದ್ದಾರೆ. ನೀನು ಆ ಖಾಲಿಯಲ್ಲಿ ಹೆಂಗಸನ್ನು ಕೂರಿಸಿ ಹಾಡಿಸುತ್ತಿದ್ದೀ.

ಏಳು ಏಟು ಇರುವುದು ನಿಜ. ಒಪ್ಪುತ್ತೇನೆ. ಎದೆಗೆ ಬಡಿಯುತ್ತದೆ, ಎಣಿಸಬಹುದು. ಎಂಟನೆಯದಕ್ಕೆ ಕಾಲೆತ್ತಿದರೆ ಇಡುವುದಕ್ಕೆ ನೆಲ ಇರುವುದಿಲ್ಲ. ಭಜನೆ ಮನೆಯಲ್ಲಿ ಅಷ್ಟು ವರ್ಷ ತಾಳ ಹಾಕಿದವನಿಗೆ ಅದು ತಿಳಿಯದೇ? ಭಜನೆಗೆ ಈಗ ಹೋಗುತ್ತಿಲ್ಲ. ಹಾಡುವವರಿಗೆ ಗಂಟಲೇ ಇಲ್ಲದ ಹಾಗಾಗಿದೆ. ಬಾಯಿ ಆಡುತ್ತದೆ, ಹಾಡು ಹೊರಗೆ ಬರುವುದಿಲ್ಲ.

ಇನ್ನೊಂದು ಪೀಡೆ ಕೇಳು. ಆನೆ ಓಡಿಸುವ ಸುದ್ದಿ ಹೇಗೋ ಹಬ್ಬಿ, ಹೋಂಸ್ಟೇಯವರು ಜೀಪಿನಲ್ಲಿ ಜನ ತುಂಬಿಕೊಂಡು ಬರುತ್ತಿದ್ದಾರೆ. ಬದುವಿನ ಮೇಲೆ ನಿಂತು ಕೂದಲು ಬಿಚ್ಚಿ ತಲೆ ಕುಣಿಸುತ್ತಾರೆ, ಫೋನು ಹಿಡಿದು ರೀಲ್ಸು ಮಾಡುತ್ತಾರೆ. ಚಿಪ್ಸಿನ ಕವರು, ಬಿಯರ್ ಬಾಟಲಿ ಎಲ್ಲ ನನ್ನ ಹೊಲಕ್ಕೆ. ಒಬ್ಬ ಶುಂಠಿಯ ಪಾತಿಯ ಮೇಲೆ ಉಚ್ಚೆ ಹುಯ್ಯುತ್ತಿದ್ದ. ಕೋಲು ತಗೊಂಡು ಹೋದರೆ, "ಅಂಕಲ್, ನೀವು ಸೂಪರ್" ಎಂದು ನನ್ನ ಜೊತೆಯೇ ಫೋಟೋ ತೆಗೆಸಿಕೊಂಡ. ಆನೆಯ ಲದ್ದಿ ತುಳಿದರೆ ಕಾಲು ತೊಳೆದುಕೊಳ್ಳಬಹುದು. ಇವರನ್ನು ತುಳಿದರೆ ಏನು ಮಾಡುವುದು?

ಪೆನ್‌ಡ್ರೈವ್ ಕೊಡುವುದಿಲ್ಲ. ಜೋಳ ಮುರಿದ ಮೇಲೆ ನೋಡೋಣ.

ಸಣ್ಣಸ್ವಾಮಿ


ಅಮ್ಮತ್ತಿ
೫ ಸೆಪ್ಟೆಂಬರ್ ೨೦೨೫

ಅಪ್ಪನಿಗೆ,

ಗಿರಿ ಒಂದು ವಿಡಿಯೋ ಕಳಿಸಿದ್ದಾನೆ. 'ಕೊಡಗಿನ ಆನೆ ಡಿಜೆ' ಎಂದು ಹೆಸರಿಟ್ಟಿದ್ದಾರೆ. ಅಟ್ಟಣೆಯ ಮೇಲೆ ಕಂಬಳಿ ಹೊದ್ದು ಕೂತವರು ನೀವು. ಕೆಳಗೆ ಏಳೆಂಟು ಜನ ಕೋತಿಗಳ ಹಾಗೆ ಕುಣಿಯುತ್ತಿದ್ದಾರೆ. ಮೂರನೆಯ ಹಾಡು, ನಡುವಿನ ಜಾಗ. ಆ ಹೆಂಗಸು ಗುನುಗುತ್ತಿದ್ದಾಳೆ, ಒಬ್ಬ, "ಆಂಟಿ, ನಿದ್ದೆ ಬಂತಾ?" ಅನ್ನುತ್ತಾನೆ, ಎಲ್ಲರೂ ನಗುತ್ತಾರೆ. ನಾನು ಆ ನಾಲ್ಕು ನಿಮಿಷವನ್ನು ಯಾರ ಮುಂದೆಯೂ ಹಾಕಿದವಳಲ್ಲ. ಮನೆ ಬಿಟ್ಟು ಈ ಕ್ವಾರ್ಟರ್ಸಿಗೆ ಬಂದ ಮೊದಲ ತಿಂಗಳು ಫೋನಿನಲ್ಲಿ ಅದನ್ನು ಕೇಳಿಕೊಂಡೇ ಮಲಗುತ್ತಿದ್ದೆ. ಅದರ ಮೇಲೆ ಉಗುಳಿದ ಹಾಗಾಯಿತು.

ಅದಕ್ಕಿಂತ ಅಸಹ್ಯವಾದದ್ದು ಇನ್ನೊಂದಿದೆ. ನಿಮ್ಮದೇ ಸ್ಪೀಕರಿನಿಂದ ಅವಳ ದನಿ ಗಂಟೆ ಹೊಡೆದಷ್ಟು ಸ್ಪಷ್ಟವಾಗಿ ಬರುತ್ತಿದೆ. ಯಾರದೋ ಅಗ್ಗದ ಫೋನಿಗೂ ಕೇಳಿಸಿದೆ. ನೀವು ಮಾತ್ರ ಅಟ್ಟಣೆಯಿಂದ ಬಗ್ಗಿ, "ನೋಡ್ರಪ್ಪಾ, ನಿಂತೇ ಹೋಯ್ತು, ಇನ್ನು ನಾಕು ನಿಮ್ಸ ಏನೂ ಇಲ್ಲ" ಅನ್ನುತ್ತಿದ್ದೀರಿ. ನನ್ನ ಮಾತು ಗೆಲ್ಲಬಾರದು ಅಂತ ಕಣ್ಣೆದುರು ಇರುವುದನ್ನೂ ಇಲ್ಲ ಅನ್ನುತ್ತೀರಲ್ಲ. ಸಿಂಬಲ್ಲಿನ ವಿಷಯದಲ್ಲೂ ಹೀಗೇ ಮಾಡಿದಿರಿ.

ಇದರ ಜೊತೆ ಒಂದು ಹೊಸ ಪೆನ್‌ಡ್ರೈವ್ ಇದೆ. ನೀವು ಕೇಳಿದ್ದನ್ನೇ ಮಾಡಿದ್ದೇನೆ. ನಾಲ್ಕು ನಿಮಿಷ ತೆಗೆದೆ. ತಿಳಿಯಾಗಿ ಹಾಡುವ ಕಡೆಯೆಲ್ಲ ತೆಗೆದೆ. ಉಸಿರು ಬಿಡುವ ಜಾಗಗಳನ್ನೂ ತೆಗೆದೆ. ಬರೀ ಅರಚಾಟ, ಒಂದರ ಬಾಲಕ್ಕೆ ಇನ್ನೊಂದು. ಮಾಡಿ ಮುಗಿಸಿದ ಮೇಲೆ ಕೋಳಿ ಸುಲಿದವರ ಹಾಗೆ ಕೈ ತೊಳೆದುಕೊಂಡೆ. ಇನ್ನು ಅವಳ ದನಿ ಕೇಳಿ ಯಾರೂ ನಗುವ ಹಾಗಿಲ್ಲ. ಇದನ್ನು ಆಲ್ಬಮ್ ಅನ್ನಬೇಡಿ, ನನ್ನದು ಅಂತ ಯಾರಿಗೂ ಹೇಳಲೂಬೇಡಿ.

ರಂಜಿತಾ


ಕೂಡಿಗೆ
೧೯ ಸೆಪ್ಟೆಂಬರ್ ೨೦೨೫

ರಂಜಿತಾ,

ನೀನು ಕಳಿಸಿದ್ದು ಕೆಲಸಕ್ಕೆ ಬರಲಿಲ್ಲ. ಎರಡು ಸಂಜೆ ಓಡಿದವು. ಮೂರನೆಯ ಸಂಜೆ ಬೇಲಿಯ ಹತ್ತಿರ ನಿಂತವು. ಆಮೇಲೆ ಒಳಗೆ ಬಂದು, ಅದು ಅರಚುತ್ತಿರುವಂತೆಯೇ ಮೂಲೆಯ ಜೋಳದ ಪಟ್ಟೆಯನ್ನು ತಿಂದು ಮುಗಿಸಿದವು. ಮದುವೆ ಮನೆಯಲ್ಲಿ ಬ್ಯಾಂಡಿನವರು ಊದುತ್ತಿದ್ದರೆ ನಾವು ಊಟ ಮಾಡುವುದಿಲ್ಲವೇ, ಹಾಗೆ. ಕಾಲು ಭಾಗ ಜೋಳ ಹೋಯಿತು. ತುಳಿದಿರುವ ದಂಟು, ಲದ್ದಿ, ಎರಡೂ ಕೊಳೆತು ನಾರುತ್ತಿವೆ. ಕಾಲಿಡಲಾಗುವುದಿಲ್ಲ.

ಅಟ್ಟಣೆಯ ಮೇಲೆ ಕೂತು ಯೋಚನೆ ಮಾಡಿದೆ. ಅರಚಾಟಕ್ಕೆ ಅವು ಹೆದರುತ್ತಿರಲಿಲ್ಲ. ಆ ಖಾಲಿಯಲ್ಲಿ ಕಿವಿ ಸಡಿಲ ಬಿಟ್ಟು, ಇನ್ನು ಪರವಾಗಿಲ್ಲ ಅಂತ ಒಂದು ಹೆಜ್ಜೆ ಮುಂದಿಡುವಾಗ ಒಮ್ಮೆಲೇ ಬಂದು ಬೀಳುತ್ತಿತ್ತಲ್ಲ, ಅದಕ್ಕೆ ಹೆದರುತ್ತಿದ್ದವು. ಯಾವಾಗ ಬೀಳುತ್ತದೆ ಅಂತ ಅವಕ್ಕೆ ಲೆಕ್ಕ ಸಿಗುತ್ತಿರಲಿಲ್ಲ. ಆ ಸ್ವೀಡನ್ನಿನವರು ಲೆಕ್ಕ ಬಲ್ಲವರು. ಹೇಸಿಗೆಯ ಜನ, ಆದರೆ ಬಲ್ಲವರು. ಇಷ್ಟು ಬರೆಯುವುದಕ್ಕೆ ನನಗೆ ಬಾಯಿ ಕಹಿಯಾಗುತ್ತಿದೆ.

ಆದ್ದರಿಂದ ಮೊದಲಿದ್ದ ಹಾಗೆಯೇ ಇಡಿಯಾಗಿ ಕಳಿಸು. ಹಳೆಯ ಕೆಂಪು ಪೆನ್‌ಡ್ರೈವಿನಲ್ಲಿದ್ದುದನ್ನು ರಾಜು ಅಳಿಸಿ ಯಾರದೋ ಆರತಕ್ಷತೆಗೆ ಹಾಡು ತುಂಬಿಕೊಂಡಿದ್ದಾನೆ. ಅವನ ಹೆಸರೆತ್ತಬೇಡ. ಮೊನ್ನೆ ಕತ್ತಲಾಗುವ ಹೊತ್ತಿನಲ್ಲಿ ಸ್ಪೀಕರ್ ನಿಲ್ಲಿಸಿ, ವೈರು ಬಿಗಿಯೋಣ ಅಂತ ಕೆಳಗಿಳಿದಿದ್ದೆ. ಆ ಹಡಬೆ ಹಿಂದಿನಿಂದ ಬಂದು ನನ್ನ ಕೊರಳಪಟ್ಟಿ ಹಿಡಿದು ಕಳ್ಳನನ್ನು ಎಳೆದ ಹಾಗೆ ಎಳೆದು ಕಾಲುವೆಗೆ ಕೆಡವಿದ. ಬಾಯಿ ತುಂಬ ಕೆಸರು. ಆನೆ ಬೆನ್ನ ಹಿಂದೆಯೇ ಇತ್ತು, ಹತ್ತು ಸಲ ಕೂಗಿದೆ ಅನ್ನುತ್ತಾನೆ. ಕೂಗಿದ್ದರೆ ನನಗೆ ಕೇಳುತ್ತಿರಲಿಲ್ಲವೇ? ಅಷ್ಟು ದೊಡ್ಡ ಪ್ರಾಣಿ ಜೋಳದೊಳಗೆ ನಡೆದು ಬಂದರೆ ಗೊತ್ತಾಗುತ್ತಿರಲಿಲ್ಲವೇ? ಅವನ ಜೊತೆ ಮಾತು ಬಿಟ್ಟಿದ್ದೇನೆ. ಈಗ ಒಬ್ಬನೇ ಕೂರುತ್ತೇನೆ.

ಬೇಗ ಕಳಿಸು.

ಸಣ್ಣಸ್ವಾಮಿ


ಕೂಡಿಗೆ
೨೧ ಸೆಪ್ಟೆಂಬರ್ ೨೦೨೫

ಮಗಳೇ,

ನಾನು ಬರೆದದ್ದು ನಿಮ್ಮಪ್ಪನಿಗೆ ಗೊತ್ತಿಲ್ಲ. ರಾಜು ಪೇಟೆಗೆ ಹೊರಟಿದ್ದಾನೆ, ಅವನ ಕೈಯಲ್ಲಿ ಪೋಸ್ಟಿಗೆ ಹಾಕಿಸುತ್ತೇನೆ. ಫೋನಿನಲ್ಲಿ ಹೇಳೋಣ ಅಂದರೆ ಅಳು ಬರುತ್ತದೆ.

ರಾಜು ಸುಳ್ಳು ಹೇಳಿಲ್ಲ. ಅವನು ಕೂಗಿದ್ದು ಅಂಗಳದಲ್ಲಿದ್ದ ನನಗೆ ಕೇಳಿಸಿತು. "ಅಣ್ಣೋ, ಹಿಂದೆ ನೋಡು, ಹಿಂದೆ ನೋಡು" ಅಂತ ಕೂಗಿ ಕೂಗಿ ಅವನ ಗಂಟಲು ಕಟ್ಟಿ, ಇವತ್ತಿಗೂ ಮಾತು ಸರಿಯಾಗಿ ಹೊರಡುತ್ತಿಲ್ಲ. ನಿಮ್ಮಪ್ಪ ಅಷ್ಟು ಹತ್ತಿರದಲ್ಲಿ ನಿಂತು ವೈರು ಸುತ್ತುತ್ತಲೇ ಇದ್ದರು. ಆ ಹೆಣ್ಣಾನೆ ಸೊಂಡಿಲು ಚಾಚಿದರೆ ಸಿಗುವಷ್ಟು ದೂರ ಇತ್ತಂತೆ.

ಅವರಿಗೆ ಕಿವಿ ಕೇಳುತ್ತಿಲ್ಲ ರಂಜೂ. ಇವತ್ತಿನದಲ್ಲ ಇದು. ಕುಕ್ಕರ್ ಕೂಗಿದರೆ ಗೊತ್ತಾಗುವುದಿಲ್ಲ, ಬಾಗಿಲು ತಟ್ಟಿದರೆ ಗೊತ್ತಾಗುವುದಿಲ್ಲ. ನಾನು ಮುಂದೆ ಬಂದು ನಿಂತು ಮಾತಾಡಿದರೆ ಬಾಯಿ ನೋಡಿ ಅಂದಾಜು ಮಾಡುತ್ತಾರೆ. ಡಾಕ್ಟರ ಹತ್ತಿರ ಹೋಗೋಣ ಅಂದರೆ, "ನಾನೇನು ಕೆಪ್ಪನೇನೇ?" ಅಂತ ಮೈಮೇಲೆ ಬರುತ್ತಾರೆ. ದಪ್ಪ ಸದ್ದು ತಾಗುತ್ತದೆ, ಸಣ್ಣದು ಇಲ್ಲ. ಇಂಥವರು ಆನೆ ಕಾಯುವುದಕ್ಕೆ ಒಬ್ಬರೇ ಕೂತರೆ ನಾನು ಮನೆಯಲ್ಲಿ ಹೇಗಿರಲಿ?

ನೀನು ಅಪ್ಪನ ಕಾಗದದಲ್ಲಿ ಬರೆದ ಆ ಹೆಂಗಸು ಹಾಡುವುದು ನನಗೆ ಚೆನ್ನಾಗಿ ಕೇಳುತ್ತಿತ್ತು. ಸಂಜೆ ಪಾತ್ರೆ ತೊಳೆಯುವಾಗ ಕಾಯುತ್ತಿದ್ದೆ, ಈಗ ಬರುತ್ತಾಳೆ ಅಂತ. ಮಗುವಿನ ಬೆನ್ನು ತಟ್ಟುತ್ತಾ ಗುನುಗುವ ಹಾಗೆ ಗುನುಗುತ್ತಾಳೆ. ಉಳಿದದ್ದು ಥೂ, ನನಗೂ ಸೇರುವುದಿಲ್ಲ.

ನಿನ್ನ ಅಮ್ಮ
ರಾಮಮ್ಮ


ಅಮ್ಮತ್ತಿ
೨೭ ಸೆಪ್ಟೆಂಬರ್ ೨೦೨೫

ಅಪ್ಪನಿಗೆ,

ಆಲ್ಬಮ್ ಕಳಿಸುವುದಿಲ್ಲ. ನಾನೇ ತರುತ್ತೇನೆ. ಆಯುಧಪೂಜೆ ಮುಗಿದ ಮೇಲಿನ ಎರಡನೇ ಭಾನುವಾರ ಬರುತ್ತೇನೆ, ಜೋಳ ಮುರಿಯುವ ತನಕ ರಜೆ ಕೇಳಿದ್ದೇನೆ. ಪೂವಯ್ಯ ಮೇಸ್ತ್ರಿ, "ಕಾಫಿ ಪಿಕ್ಕಿಂಗ್ ಶುರುವಾಗೋಕೆ ಮುಂಚೆ ಬಂದ್ರೆ ಸಾಕು, ಹೋಗಿ" ಎಂದಿದ್ದಾರೆ.

ಆ ವಿಡಿಯೋವನ್ನು ಮತ್ತೆ ನೋಡಿದೆ. ಈ ಸಲ ಕುಣಿಯುವವರನ್ನು ಬಿಟ್ಟು ನಿಮ್ಮನ್ನು ನೋಡಿದೆ. "ನಿಂತೇ ಹೋಯ್ತು" ಅಂದ ಮೇಲೆ ನೀವು ಜೋಳದ ಕಡೆ ತಿರುಗುತ್ತೀರಿ, ಬಲಕ್ಕೆ, ಎಡಕ್ಕೆ, ಮತ್ತೆ ಬಲಕ್ಕೆ. ಆ ನಾಲ್ಕು ನಿಮಿಷ ನೀವು ಬರೀ ಕಣ್ಣಿನಿಂದ ಕಾಯುತ್ತೀರಿ. ಅಂಥ ಕತ್ತಲಲ್ಲಿ ಕಣ್ಣಿಗೆ ಏನು ಕಾಣುತ್ತದೆ? ನಾನು ಅದನ್ನು ಹಟ ಅಂದುಕೊಂಡೆ. ನಿಮಗೆ ಬೈದು ಬರೆದೆ.

ತಗಡಿನ ಮಾತೂ ನೆನಪಾಯಿತು. ಸದ್ದೇ ಬರುವುದಿಲ್ಲ ಎಂದಿದ್ದಿರಿ. ನಿಮ್ಮ ಮಟ್ಟಿಗೆ ಅದು ನಿಜವಿತ್ತು ಎಂದು ನನಗೆ ಹೊಳೆಯಲೇ ಇಲ್ಲ. ಸಿಂಬಲ್ ಸೀಳಿದ್ದು ಮಾತ್ರ ಇವತ್ತಿಗೂ ಹೊಟ್ಟೆ ಉರಿಸುತ್ತದೆ, ಅದನ್ನು ಮುಚ್ಚಿಡುವುದಿಲ್ಲ.

ಮಡಿಕೇರಿಯಲ್ಲಿ ಒಬ್ಬ ಡಾಕ್ಟರ ಹತ್ತಿರ ಮಾತಾಡಿದ್ದೇನೆ. ಯಾತಕ್ಕೆ ಎಂದು ಬರೆಯುವುದಿಲ್ಲ, ನಿಮಗೆ ಗೊತ್ತು. ಬೈಯುವುದಿದ್ದರೆ ಬಂದ ಮೇಲೆ ಎದುರಿಗೇ ಬೈಯಿರಿ. ಅಲ್ಲಿಯ ತನಕ ರಾಜಣ್ಣನ ಜೊತೆ ಮಾತು ಶುರು ಮಾಡಿ, ಒಬ್ಬರೇ ಅಟ್ಟಣೆ ಹತ್ತಬೇಡಿ. ಜೋಳ ಆನೆಗೆ ಹೋದರೆ ಹೋಗಲಿ.

ರಂಜೂ


ಕೂಡಿಗೆ
೩ ಅಕ್ಟೋಬರ್ ೨೦೨೫

ರಂಜೂ,

ಕಾಗದ ಓದಿದೆ. ನಿಮ್ಮಮ್ಮ ನಿನಗೆ ಬರೆದಿದ್ದಾಳೆ ಅಂತ ಗೊತ್ತಾಯಿತು. ಅಪ್ಪನಿಗೆ ಕಿವಿಯಿಲ್ಲ ಅಂತ ಊರೆಲ್ಲ ಹೇಳಿಕೊಂಡು ಬರಲಿ, ಮೈಕು ರಾಜು ಕೊಡುತ್ತಾನೆ. ನಾನು ಕೆಪ್ಪನಲ್ಲ. ಕೇಳುವಂಥದ್ದು ಏನಿದೆಯೋ ಅದು ಕೇಳುತ್ತದೆ.

ಭಜನೆ ಮನೆಗೆ ಹೋಗಿ ಬಾಗಿಲಲ್ಲಿ ನಿಂತಿದ್ದೆ. ಚಿಕ್ಕ ಮಕ್ಕಳು ಹಾಡುತ್ತಿದ್ದರು. ಬಾಯಿ ನೋಡಿಕೊಂಡು ನಿಂತಿದ್ದು ವಾಪಸ್ಸು ಬಂದೆ. ಅಷ್ಟೂ ಮಕ್ಕಳಿಗೆ ಒಟ್ಟಿಗೆ ಗಂಟಲು ಹೋಗಲಾರದು.

ರಾಜುವಿನ ಜೊತೆ ಮಾತಾಡಿದೆ. ಅವನ ಗಂಟಲು ಇನ್ನೂ ಕಟ್ಟಿದೆಯಂತೆ. ನಾನು ಕಿವಿ ಕೊಟ್ಟು, ಅವನು ಬಾಯಿ ಕೊಟ್ಟು, ಇಬ್ಬರೂ ಸೇರಿ ಒಂದು ಮಾತು ಮುಗಿಸುವಷ್ಟರಲ್ಲಿ ನಿಮ್ಮಮ್ಮ ಎರಡು ಸಲ ಕಾಫಿ ಮಾಡಿದಳು.

ಆಯುಧಪೂಜೆಗೆ ನಿನ್ನ ಹಿತ್ತಾಳೆ ತಟ್ಟೆಯನ್ನು ಅಟ್ಟಣೆಯಿಂದ ಬಿಚ್ಚಿ ತಂದೆ. ನೇಗಿಲು, ಕುಡುಗೋಲಿನ ಜೊತೆ ಇಟ್ಟು ವಿಭೂತಿ ಹಚ್ಚಿ ಹೂ ಏರಿಸಿದೆ. ಅದಕ್ಕೆ ಮೊದಲು ಹುಣಸೆಹಣ್ಣು ಹಾಕಿ ಉಜ್ಜಿ ಉಜ್ಜಿ ತೊಳೆದೆ. ಮೇಲೆ ಕರಿ ಅಕ್ಷರದಲ್ಲಿ ಇಂಗ್ಲಿಷಿನಲ್ಲಿ ಏನೋ ಇತ್ತು, ಅದೂ ಹೋಗಿ ಈಗ ಫಳಫಳ ಅನ್ನುತ್ತಿದೆ. ಹಾಗೆ ತೊಳೆಯಬಾರದಂತೆ, ಚಿದಾನಂದ ಬಂದು ನೋಡಿ ತಲೆ ಚಚ್ಚಿಕೊಂಡ. ಅದಕ್ಕೂ ನೀನು ಅಸಹ್ಯಪಡುತ್ತೀ. ಪಡು. ಸೀಳು ಹಾಗೇ ಇದೆ, ಅದನ್ನು ಸೇರಿಸುವುದಕ್ಕೆ ನನಗೆ ಬರುವುದಿಲ್ಲ. ಅದು ನಿನ್ನದು, ನಿನ್ನ ಕೋಣೆಯಲ್ಲಿಟ್ಟಿದ್ದೇನೆ.

ಡಾಕ್ಟರಲ್ಲಿಗೆ ಬರುತ್ತೇನೆ. ಜೋಳ ಮುರಿದ ಮೇಲೆ. ಅವನು ಕಿವಿಯೊಳಗೆ ಏನಾದರೂ ತುರುಕಿದರೆ ಅಲ್ಲೇ ಕಿತ್ತು ಅವನ ಮೇಜಿನ ಮೇಲೆ ಎಸೆಯುತ್ತೇನೆ, ಈಗಲೇ ಹೇಳಿರುತ್ತೇನೆ.

ಅಟ್ಟಣೆಗೆ ಎರಡು ಬೊಂಬು ಸೇರಿಸಿ ಅಗಲ ಮಾಡಿದ್ದೇನೆ, ಇಬ್ಬರು ಕೂರಬಹುದು. ನೀನು ಬಲಗಡೆ ಕೂರು. ಮೂರನೆಯ ಹಾಡಿನ ನಡುವೆ ಆ ಹೆಂಗಸು ಶುರು ಮಾಡಿದ ಕೂಡಲೇ ನನ್ನ ತೋಳು ಹಿಡಿದುಕೋ. ಅವಳು ಹಾಡುವಷ್ಟು ಹೊತ್ತೂ ಹಿಡಿದಿರು. ಜೋಳದಲ್ಲಿ ಏನಾದರೂ ಕೇಳಿದರೆ ಅದುಮು. ಅವಳು ಮುಗಿಸಿದಾಗ ಬಿಡು.

ಆಮೇಲಿನದು ನನಗೆ ಕೇಳುತ್ತದೆ.

ಅಪ್ಪ